ಮೂರು ಮೆಟ್ಟಿಲಿನ ಪದಕ: ಇಂಡಿಯನ್ ಆರ್ಡರ್ ಆಫ್ ಮೆರಿಟ್ ಹುಟ್ಟಿದ್ದು ಹೇಗೆ, ನಿಂತಿದ್ದು ಯಾಕೆ?

ಏಳು ರೂಪಾಯಿ. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯಲ್ಲಿ ಒಬ್ಬ ಕಾಲಾಳು ಸಿಪಾಯಿಯ ತಿಂಗಳ ಸಂಬಳ ಅಷ್ಟು. ತನ್ನ ಊಟ, ಊರಿಗೆ ಕಳಿಸುವ ದುಡ್ಡು ಎಲ್ಲವೂ ಅದರಲ್ಲೇ ಆಗಬೇಕು. ಅಂಥ ಒಬ್ಬ ಸಿಪಾಯಿ ಯುದ್ಧದಲ್ಲಿ ಎಲ್ಲರ ಕಣ್ಣಿಗೆ ಬೀಳುವಂಥ ಸಾಹಸ ಮಾಡಿದ ಅಂತಿಟ್ಟುಕೊಳ್ಳಿ. 1837ರ ನಂತರವಾದರೆ ಅವನ ಎದೆಗೆ ಒಂದು ಬೆಳ್ಳಿ ನಕ್ಷತ್ರ ಬರುತ್ತಿತ್ತು. ಜೊತೆಗೆ ಸಂಬಳದ ಮೂರನೇ ಒಂದು ಭಾಗ ಜಾಸ್ತಿ ಸಿಗುತ್ತಿತ್ತು. ಲೆಕ್ಕ ಹಾಕಿದರೆ ತಿಂಗಳಿಗೆ 2 ರೂಪಾಯಿ 5 ಆಣೆ 4 ಪೈ.

ಆ ನಕ್ಷತ್ರದ ಹೆಸರು ಆರ್ಡರ್ ಆಫ್ ಮೆರಿಟ್. ಮುಂದೆ ಅದೇ ಇಂಡಿಯನ್ ಆರ್ಡರ್ ಆಫ್ ಮೆರಿಟ್ ಆಯಿತು. 110 ವರ್ಷ ಬದುಕಿತ್ತು. 1947ರಲ್ಲಿ ನಿಂತುಹೋಯಿತು. ಇವತ್ತು ಸೈನಿಕರ ಮನೆತನಗಳಲ್ಲಿ, ಪದಕ ಸಂಗ್ರಹಿಸುವವರಲ್ಲಿ ಬಿಟ್ಟರೆ ಈ ಹೆಸರು ಕೇಳಿದವರು ಕಮ್ಮಿ. ನನಗೆ ಇದರ ಮೇಲೆ ಆಸಕ್ತಿ ಹುಟ್ಟಿದ್ದು ಅದರ ಚೆಂದ ನೋಡಿ ಅಲ್ಲ, ಅದರ ನಿಯಮ ಓದಿ. ಭಾರತೀಯ ಸೈನಿಕನ ಧೈರ್ಯವನ್ನು ಆಳುವವರು ಯಾವ ತಕ್ಕಡಿಯಲ್ಲಿ ತೂಗುತ್ತಿದ್ದರು ಅನ್ನುವುದು ಆ ನಿಯಮಗಳಲ್ಲಿ ಎದ್ದು ಕಾಣುತ್ತದೆ.

ಮೊದಲು ಒಂದು ಅಚ್ಚರಿಯ ಸಂಗತಿ. ಶೌರ್ಯ ಪದಕ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ವಿಕ್ಟೋರಿಯಾ ಕ್ರಾಸ್, ಅಲ್ವಾ? ಅದು ಶುರುವಾದದ್ದು 1856ರಲ್ಲಿ, ಕ್ರಿಮಿಯಾ ಯುದ್ಧ ಮುಗಿಯುವ ಹೊತ್ತಿಗೆ. ಅದಕ್ಕೂ ಎರಡು ವರ್ಷ ಮೊದಲು, 1854ರಲ್ಲಿ, ಬ್ರಿಟಿಷ್ ಸೇನೆಯ ಕೆಳದರ್ಜೆಯ ಸೈನಿಕರಿಗೆಂದು ಇನ್ನೊಂದು ಪದಕ ಬಂದಿತ್ತು. ಅಂದರೆ 1837ರಲ್ಲಿ ಕಂಪನಿಯ ಭಾರತೀಯ ಸಿಪಾಯಿಗೆ ಶೌರ್ಯಕ್ಕೆಂದೇ ಒಂದು ಕಾಯಂ ಪದಕ ಇತ್ತು. ಆಗ ಬ್ರಿಟನ್ನಿನ ಸಾಮಾನ್ಯ ಸೈನಿಕನಿಗೆ ಅಂಥದ್ದು ಇರಲಿಲ್ಲ.

ಕಂಪನಿಗೆ ಇದು ಯಾಕೆ ಬೇಕಾಯಿತು? ಅದರ ಸೇನೆಯಲ್ಲಿ ಬಹುಪಾಲು ಜನ ಭಾರತೀಯರೇ. ಆದರೆ ಭಾರತೀಯನೊಬ್ಬ ಎಷ್ಟೇ ಏರಿದರೂ ಸುಬೇದಾರ್ ಮೇಜರ್ ಮಟ್ಟದ ಆಚೆಗೆ ದಾರಿಯೇ ಇರಲಿಲ್ಲ. ಅಲ್ಲಿಗೆ ತಲುಪುವುದೂ ಹೆಚ್ಚಾಗಿ ಹಿರಿತನದ ಮೇಲೆ. ಗಡ್ಡ ನೆರೆಯುವ ತನಕ ಕಾಯಬೇಕು. ಚುರುಕಾದ, ಎದೆಗಾರಿಕೆ ಇರುವ ಹುಡುಗನನ್ನು ಹಿಡಿದಿಟ್ಟುಕೊಳ್ಳಲು ಕಂಪನಿಯ ಕೈಯಲ್ಲಿ ಬೇರೇನೂ ಇರಲಿಲ್ಲ. ಹಾಗಾಗಿ 1837ರಲ್ಲಿ ಎರಡು ಗೌರವಗಳನ್ನು ಒಟ್ಟಿಗೇ ತಂದರು. ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ ಎಂಬುದು ಬಹುಕಾಲ ನಿಷ್ಠೆಯಿಂದ ದುಡಿದ ಭಾರತೀಯ ಅಧಿಕಾರಿಗಳಿಗೆ. ‘ಸರ್ದಾರ್ ಬಹಾದೂರ್’, ‘ಬಹಾದೂರ್’ ಎಂಬ ಬಿರುದುಗಳು ಬರುತ್ತಿದ್ದದ್ದು ಅದರಿಂದಲೇ. ಆರ್ಡರ್ ಆಫ್ ಮೆರಿಟ್ ಮಾತ್ರ ಶೌರ್ಯಕ್ಕೆ. ನಿನ್ನೆ ಸೇರಿದ ಸಿಪಾಯಿಗೂ ಸಿಗಬಹುದಿತ್ತು, ಸುಬೇದಾರನಿಗೂ ಸಿಗಬಹುದಿತ್ತು. ಹೆಸರುಗಳು ಹತ್ತಿರ ಹತ್ತಿರ ಇರುವುದರಿಂದ ಇವೆರಡನ್ನು ಬೆರೆಸಿಬಿಡುವವರು ಜಾಸ್ತಿ.

ಪದಕ ನೋಡಲು ಹೀಗಿತ್ತು. ಎಂಟು ಮೂಲೆಯ ನಕ್ಷತ್ರ. ನಡುವೆ ಕಡುನೀಲಿ ಮೀನಾಕಾರಿಯ ಒಂದು ವೃತ್ತ. ಅದರಲ್ಲಿ ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಕತ್ತಿ. ಸುತ್ತ ‘ಶೌರ್ಯಕ್ಕೆ ಬಹುಮಾನ’ ಎಂಬರ್ಥದ ಇಂಗ್ಲಿಷ್ ಮಾತು. ಅದರ ಸುತ್ತ ಎಲೆಗಳ ಹಾರ. ತೂಗುಹಾಕುವ ಪಟ್ಟಿ ಕಡುನೀಲಿ, ಅಂಚು ಕೆಂಪು. ಅದನ್ನು ಧರಿಸಿದವರಲ್ಲಿ ಬಹಳಷ್ಟು ಜನ ತಮ್ಮ ಎದೆಯ ಮೇಲಿನ ಆ ಅಕ್ಷರಗಳನ್ನು ತಾವೇ ಓದಲಾರದವರು. ಈ ವಿಷಯ ನೆನೆದಾಗೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಈ ಪದಕದ ತಿರುಳು ಇರುವುದು ಅದರ ದರ್ಜೆಗಳಲ್ಲಿ. ಒಟ್ಟು ಮೂರು ದರ್ಜೆ. ಮೂರನೆಯದು ಪೂರ್ತಿ ಬೆಳ್ಳಿ. ಎರಡನೆಯದು ಬೆಳ್ಳಿ ನಕ್ಷತ್ರ, ನಡುವಿನ ಹಾರ ಮಾತ್ರ ಚಿನ್ನದ್ದು. ಮೊದಲನೆಯದು ಚಿನ್ನ. ಇಲ್ಲಿಯವರೆಗೆ ವಿಶೇಷ ಏನೂ ಇಲ್ಲ. ಇವತ್ತಿನ ಪದಕಗಳಲ್ಲೂ ದೊಡ್ಡದು, ಚಿಕ್ಕದು ಅಂತ ಇವೆ. ಆದರೆ ಇಂದು ಸಾಹಸ ಎಷ್ಟು ದೊಡ್ಡದು ಅಂತ ನೋಡಿ ಪದಕ ಯಾವುದು ಅಂತ ತೀರ್ಮಾನ ಮಾಡುತ್ತಾರೆ. ಆಗ ಹಾಗಲ್ಲ. ಯಾರೇ ಆಗಲಿ, ಎಂಥ ಸಾಹಸವೇ ಆಗಲಿ, ಮೂರನೇ ದರ್ಜೆಯಿಂದಲೇ ಶುರು ಮಾಡಬೇಕು. ಎರಡನೇ ದರ್ಜೆ ಬೇಕೆಂದರೆ ಮೂರನೆಯದು ಮೊದಲೇ ಕೈಯಲ್ಲಿರಬೇಕು, ಮತ್ತೊಂದು ಸಾಹಸವನ್ನೂ ಮಾಡಬೇಕು. ಮೊದಲ ದರ್ಜೆಗೆ ಮತ್ತೂ ಒಂದು.

ಇದರ ಅರ್ಥ ಏನು ಅಂತ ಒಂದು ಕ್ಷಣ ಯೋಚಿಸಿ. ಚಿನ್ನದ ನಕ್ಷತ್ರ ಪಡೆಯಲು ಒಬ್ಬ ಮನುಷ್ಯ ಮೂರು ಸಲ ಸಾವಿನ ಬಾಯಿಗೆ ಹೋಗಬೇಕು, ಮೂರು ಸಲವೂ ಬದುಕಿ ಬರಬೇಕು. ಮೊದಲ ಸಲವೇ ಯಾರೂ ಮಾಡದಂಥದ್ದನ್ನು ಮಾಡಿದರೂ ಅವನಿಗೆ ಸಿಗುವುದು ಮೂರನೆಯದೇ. ಹಾಗಾಗಿ ಮೇಲಿನ ಮೆಟ್ಟಿಲು ಮುಟ್ಟಿದವರು ಬೆರಳೆಣಿಕೆಯಷ್ಟು ಅಂದರೂ ತಪ್ಪಿಲ್ಲ. ಸಂಬಳದ ಲೆಕ್ಕವೂ ಇದೇ ಮೆಟ್ಟಿಲಿನದ್ದು. ಮೂರನೇ ದರ್ಜೆಗೆ ಮೂರನೇ ಒಂದು ಭಾಗ, ಎರಡನೆಯದಕ್ಕೆ ಮೂರನೇ ಎರಡು ಭಾಗ, ಮೊದಲನೆಯದಕ್ಕೆ ಪೂರಾ ಇನ್ನೊಂದು ಸಂಬಳ. ಏಳು ರೂಪಾಯಿಯವನಿಗೆ ಹದಿನಾಲ್ಕು. ಅವನು ತೀರಿಕೊಂಡ ಮೇಲೆ ಹೆಂಡತಿಗೆ ಮೂರು ವರ್ಷ ಆ ಹೆಚ್ಚಿನ ಹಣ ಸಲ್ಲುತ್ತಿತ್ತು. ದುಡ್ಡಿಗಾಗಿ ಯಾರೂ ಗುಂಡಿಗೆ ಎದೆ ಕೊಡುವುದಿಲ್ಲ, ನಿಜ. ಆದರೂ ಬರೀ ಲೋಹದ ತುಂಡು ಕೊಟ್ಟು ಕೈತೊಳೆದುಕೊಳ್ಳಲಿಲ್ಲವಲ್ಲ ಅನ್ನುವುದು ಈ ಪದಕದ ಬಗ್ಗೆ ನಾನು ಮನಸಾರೆ ಮೆಚ್ಚುವ ಸಂಗತಿ.

ಮೊದಲಿಗ ಅಂತ ಹೆಸರಾಗಿರುವುದು ಸುಬೇದಾರ್ ದೇವಿ ಸಿಂಗ್. ಬಂಗಾಳ ಸ್ಯಾಪರ್ಸ್ ಪಡೆಯವರು. ಬೆಂಗಳೂರಿನಲ್ಲಿ ಹಲಸೂರು ಕೆರೆಯ ಪಕ್ಕ ಮದ್ರಾಸ್ ಸ್ಯಾಪರ್ಸ್ ಕೇಂದ್ರ ನೋಡಿದವರಿಗೆ ಈ ಪದ ಗೊತ್ತಿರುತ್ತದೆ. ಸೇತುವೆ ಕಟ್ಟುವುದು, ದಾರಿ ಬಿಡಿಸುವುದು, ಕೋಟೆ ಒಡೆಯುವುದು ಇವರ ಕೆಲಸ. 1839ರ ಜುಲೈ 23ರ ಬೆಳಗಿನ ಜಾವ, ಆಫ್ಘಾನಿಸ್ತಾನದ ಘಜ್ನಿ ಕೋಟೆ. ಉಳಿದ ಬಾಗಿಲುಗಳನ್ನೆಲ್ಲ ಗೋಡೆ ಕಟ್ಟಿ ಮುಚ್ಚಿದ್ದರು. ಕಾಬೂಲ್ ಬಾಗಿಲು ಒಂದೇ ಬಾಕಿ. ಕತ್ತಲಲ್ಲಿ ಮದ್ದಿನ ಚೀಲ ಹೊತ್ತು ಆ ಬಾಗಿಲಿನ ಬುಡದ ತನಕ ಹೋಗಿ, ಅಲ್ಲಿಟ್ಟು, ಬತ್ತಿ ಹಚ್ಚಿ ಬರಬೇಕು. ಆ ಕೆಲಸ ಮಾಡಿದ ಸ್ಯಾಪರ್‌ಗಳಲ್ಲಿ ದೇವಿ ಸಿಂಗ್ ಒಬ್ಬರು. ಬಾಗಿಲು ಹಾರಿಹೋಯಿತು, ಕೋಟೆ ಬಿತ್ತು.

ಮೆಟ್ಟಿಲನ್ನೆಲ್ಲ ಹತ್ತಿ ಮುಗಿಸಿದವರಲ್ಲಿ ಮರೆಯಲಾಗದ ಹೆಸರು ಐದನೇ ಗೂರ್ಖಾ ಪಡೆಯ ಕಿಶನ್‌ಬೀರ್ ನಗರಕೋಟಿಯವರದ್ದು. ಎರಡನೇ ಆಫ್ಘನ್ ಯುದ್ಧದಲ್ಲಿ ಮೂರೂ ದರ್ಜೆ ಗೆದ್ದರು. ಆಮೇಲೆ ಇನ್ನೊಂದು ಸಾಹಸ ಮಾಡಿದರು. ಮೇಲೆ ಕೊಡಲು ದರ್ಜೆಯೇ ಉಳಿದಿರಲಿಲ್ಲ. ಕೊನೆಗೆ ಪಟ್ಟಿಗೆ ಸಿಕ್ಕಿಸುವ ಒಂದು ಚಿನ್ನದ ಪಟ್ಟಿಕೆ ಕೊಟ್ಟರು.

ಇನ್ನು ಈ ಪದಕದ ನೋವಿನ ಮುಖ. ಅದನ್ನು ತೋರಿಸಲು 1857ರ ಸೆಪ್ಟೆಂಬರ್ 14ರ ದೆಹಲಿಗಿಂತ ಒಳ್ಳೆಯ ಜಾಗ ಇಲ್ಲ. ದಂಗೆಯೆದ್ದ ಸಿಪಾಯಿಗಳ ಕೈಯಲ್ಲಿದ್ದ ನಗರದ ಕಾಶ್ಮೀರಿ ಗೇಟ್ ಒಡೆಯಬೇಕಿತ್ತು. ಕೆಲಸ ಘಜ್ನಿಯದ್ದೇ, ಆದರೆ ಈ ಸಲ ಹಗಲಿನ ಬೆಳಕಿನಲ್ಲಿ, ಎದುರಿಂದ ಗುಂಡು ಹಾರುತ್ತಿರುವಾಗ. ಬ್ರಿಟಿಷ್ ಎಂಜಿನಿಯರ್‌ಗಳಾದ ಹೋಮ್ ಮತ್ತು ಸಾಲ್ಕೆಲ್ಡ್, ಜೊತೆಗೆ ಸಾರ್ಜೆಂಟ್‌ಗಳು, ಒಬ್ಬ ಬ್ಯೂಗಲ್ ಊದುವವನು, ಮತ್ತು ಭಾರತೀಯ ಸ್ಯಾಪರ್‌ಗಳು ಒಟ್ಟಿಗೇ ಓಡಿದರು. ಅದೇ ಮುರಿದ ಸೇತುವೆ ದಾಟಿದರು. ಅದೇ ಮದ್ದಿನ ಚೀಲ ಹೊತ್ತರು. ಬ್ರಿಟಿಷರೂ ಭಾರತೀಯರೂ ಸತ್ತರು, ಬ್ರಿಟಿಷರೂ ಭಾರತೀಯರೂ ಗಾಯಗೊಂಡರು. ಬಾಗಿಲು ಒಡೆಯಿತು. ಹೋಮ್, ಸಾಲ್ಕೆಲ್ಡ್, ಸಾರ್ಜೆಂಟ್ ಸ್ಮಿತ್ ಮತ್ತು ಬ್ಯೂಗಲ್‌ನ ಹಾಥಾರ್ನ್‌ಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಭಾರತೀಯ ಸ್ಯಾಪರ್‌ಗಳಿಗೆ ಆರ್ಡರ್ ಆಫ್ ಮೆರಿಟ್.

ಯಾಕೆ ಹೀಗೆ? ನಿಯಮ ಇದ್ದದ್ದೇ ಹಾಗೆ. ವಿಕ್ಟೋರಿಯಾ ಕ್ರಾಸ್ ಅನ್ನು ಕಂಪನಿಯ ಸೇನೆಯಲ್ಲಿದ್ದ ಯುರೋಪಿಯನ್ನರಿಗೆ ಅದೇ ವರ್ಷ ವಿಸ್ತರಿಸಿದರು. ಭಾರತೀಯರಿಗೆ ವಿಸ್ತರಿಸಲಿಲ್ಲ. ಅವರಿಗೆ ಅವರದ್ದೇ ಪದಕ ಇದೆಯಲ್ಲ ಎಂಬ ವಾದ. ಸಂಬಳದ ಲೆಕ್ಕದಲ್ಲಿ ನೋಡಿದರೆ ಆರ್ಡರ್ ಆಫ್ ಮೆರಿಟ್ ಕಡಿಮೆಯದ್ದೇನೂ ಅಲ್ಲ. ಆದರೆ ಒಂದೇ ಬಾಗಿಲಿನ ಮುಂದೆ, ಒಂದೇ ಹೊತ್ತಿನಲ್ಲಿ ತೋರಿದ ಧೈರ್ಯಕ್ಕೆ ಚರ್ಮದ ಬಣ್ಣ ನೋಡಿ ಎರಡು ಹೆಸರು ಇಟ್ಟದ್ದು ಅನ್ಯಾಯ. ಅದನ್ನು ಬೇರೆ ಯಾವ ಪದದಲ್ಲಿ ಹೇಳುವುದಕ್ಕೂ ನನಗೆ ಮನಸ್ಸಿಲ್ಲ. ಅಂದು ಕೋಟೆಯ ಒಳಗೆ ನಿಂತು ಹೋರಾಡಿದವರಲ್ಲೂ ಕಂಪನಿಯ ಹಳೇ ಸಿಪಾಯಿಗಳಿದ್ದರು. ಅವರ ಧೈರ್ಯಕ್ಕೆ ಯಾವ ಪದಕವೂ ಬರಲಿಲ್ಲ. ಇದನ್ನೂ ಪಕ್ಕದಲ್ಲಿಟ್ಟುಕೊಂಡೇ ಈ ಪದಕದ ಚರಿತ್ರೆ ಓದಬೇಕು.

ಈ ಪದಕದ ಅತಿ ಹೆಸರಾಂತ ದಿನ 1897ರ ಸೆಪ್ಟೆಂಬರ್ 12. ಇಂದಿನ ಪಾಕಿಸ್ತಾನದ ವಾಯವ್ಯ ಗಡಿಯ ಸಮಾನಾ ಬೆಟ್ಟಸಾಲಿನಲ್ಲಿ ಲಾಕ್‌ಹಾರ್ಟ್ ಮತ್ತು ಗುಲಿಸ್ತಾನ್ ಎಂಬ ಎರಡು ಕೋಟೆಗಳಿದ್ದವು. ಒಂದರಿಂದ ಇನ್ನೊಂದು ಕಾಣುತ್ತಿರಲಿಲ್ಲ. ಹಾಗಾಗಿ ನಡುವೆ ಸಾರಾಗಢಿ ಎಂಬ ಪುಟ್ಟ ಠಾಣೆ. ಅದರ ಕೆಲಸ ಸುದ್ದಿ ದಾಟಿಸುವುದು. ಕನ್ನಡಿಗೆ ಬಿಸಿಲು ಬೀಳಿಸಿ, ಮಿಂಚಿಸಿ, ಆ ಮಿಂಚಿನ ಸಂಕೇತದಲ್ಲಿ ಮಾತು ಕಳಿಸುವ ಹೀಲಿಯೋಗ್ರಾಫ್ ಎಂಬ ಸಾಧನ ಅಲ್ಲಿತ್ತು. 36ನೇ ಸಿಖ್ ಪಡೆಯ 21 ಜನ ಅಲ್ಲಿದ್ದರು. ಹವಿಲ್ದಾರ್ ಈಶರ್ ಸಿಂಗ್ ನಾಯಕ. ಆ ಬೆಳಿಗ್ಗೆ ಸಾವಿರಾರು ಅಫ್ರಿದಿ, ಒರಕ್‌ಜೈ ಬುಡಕಟ್ಟಿನವರು ಠಾಣೆಯನ್ನು ಸುತ್ತುವರಿದರು. ಕೋಟೆಯಿಂದ ಸಹಾಯ ಬರುವ ದಾರಿ ಮುಚ್ಚಿತ್ತು.

ಕನ್ನಡಿಯ ಮುಂದೆ ಕುಳಿತಿದ್ದವನು ಗುರ್ಮುಖ್ ಸಿಂಗ್. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ನಡೆದದ್ದನ್ನೆಲ್ಲ ಅವನು ಲಾಕ್‌ಹಾರ್ಟ್ ಕೋಟೆಗೆ ಮಿಂಚಿಸುತ್ತಲೇ ಇದ್ದ. ಎಷ್ಟು ಜನ ಬಂದರು, ಯಾರು ಬಿದ್ದರು, ಗೋಡೆ ಎಲ್ಲಿ ಒಡೆಯಿತು, ಎಲ್ಲವನ್ನೂ. ಜೊತೆಗಾರರು ಒಬ್ಬೊಬ್ಬರಾಗಿ ಮುಗಿದ ಮೇಲೆ ಕೊನೆಯ ಸುದ್ದಿ ಕಳಿಸಿದ: ಸಾಧನ ಮುಚ್ಚಿಟ್ಟು ಬಂದೂಕು ಹಿಡಿಯಲು ಅಪ್ಪಣೆ ಬೇಕು. ಅಪ್ಪಣೆ ಬಂತು. ಹೀಲಿಯೋಗ್ರಾಫ್ ಅನ್ನು ಚೀಲದಲ್ಲಿಟ್ಟು ಎದ್ದ. ಆ ಬೆಟ್ಟದಿಂದ ಮಿಂಚು ನಿಂತಿತು.

21 ಜನರೂ ಸತ್ತರು. ಸತ್ತವರಿಗೆ ಶೌರ್ಯ ಪದಕ ಕೊಡುವುದು ಆಗಿನ ಪದ್ಧತಿ ಅಲ್ಲ. ಆದರೂ ಆ ನಿಯಮ ಬದಿಗಿಟ್ಟು 21 ಜನರಿಗೂ ಆರ್ಡರ್ ಆಫ್ ಮೆರಿಟ್ ಘೋಷಿಸಿದರು. ಯಾವ ದರ್ಜೆ? ಮೂರನೆಯದು. ಮೆಟ್ಟಿಲಿನ ನಿಯಮ ಸತ್ತವರಿಗೂ ತಪ್ಪಲಿಲ್ಲ. ಕುಟುಂಬಗಳಿಗೆ ತಲಾ 500 ರೂಪಾಯಿ ಮತ್ತು 50 ಎಕರೆ ಜಮೀನು ಕೊಟ್ಟರು. ಅಮೃತಸರದಲ್ಲಿ, ಫಿರೋಜ್‌ಪುರದಲ್ಲಿ ಅವರ ನೆನಪಿಗೆ ಗುರುದ್ವಾರಗಳಿವೆ. ಆ ಪಡೆ ಇವತ್ತು ಸಿಖ್ ರೆಜಿಮೆಂಟಿನ 4ನೇ ಬೆಟಾಲಿಯನ್. ಸೆಪ್ಟೆಂಬರ್ 12 ಬಂದರೆ ಈಗಲೂ ಸಾರಾಗಢಿ ದಿನ ಆಚರಿಸುತ್ತಾರೆ.

ಪದಕ ನಿಂತದ್ದು 1947ರಲ್ಲಿ ಅಂತ ಮೇಲೆ ಹೇಳಿದೆ. ಆದರೆ ಅದು ಒಂದೇ ದಿನ ನಿಂತದ್ದಲ್ಲ. ಮೇಲಿನ ಮೆಟ್ಟಿಲಿನಿಂದ ಕಳಚುತ್ತಾ ಬಂತು.

ಮೊದಲು ಹೆಸರಿಗೆ ಏಟು ಬಿತ್ತು. 1902ರಲ್ಲಿ ದೊರೆ ಏಳನೇ ಎಡ್ವರ್ಡ್ ಬ್ರಿಟನ್ನಿನಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಹೊಸ ಗೌರವ ತಂದರು. ಅದು ದೊಡ್ಡ ಸೇನಾನಿಗಳಿಗೆ, ವಿಜ್ಞಾನಿಗಳಿಗೆ, ಸಾಹಿತಿಗಳಿಗೆ. ಹೆಸರು ಮಾತ್ರ ಒಂದೇ. ಗೊಂದಲ ಬೇಡ ಅಂತ 65 ವರ್ಷದಿಂದ ಆ ಹೆಸರು ಹೊತ್ತಿದ್ದ ಹಳೆಯ ಪದಕದ ಹೆಸರಿನ ಮೊದಲಿಗೆ ‘ಇಂಡಿಯನ್’ ಅಂತ ಸೇರಿಸಿದರು. 1907ರಲ್ಲಿ ಅದರ ಕೆಳಗೆ ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವೀಸ್ ಮೆಡಲ್ ಎಂಬ ಇನ್ನೊಂದು ಪದಕ ಬಂತು. ನಕ್ಷತ್ರದ ಮಟ್ಟಕ್ಕೆ ಬಾರದ, ಆದರೂ ಗುರುತಿಸಲೇಬೇಕಾದ ಕೆಲಸಗಳು ಅದರ ಪಾಲಾದವು.

ದೊಡ್ಡ ತಿರುವು 1911ರ ಡಿಸೆಂಬರಿನ ದೆಹಲಿ ದರ್ಬಾರ್. ಇನ್ನು ಮುಂದೆ ಭಾರತೀಯ ಸೈನಿಕರಿಗೂ ವಿಕ್ಟೋರಿಯಾ ಕ್ರಾಸ್ ಸಿಗಬಹುದು ಅಂತ ಐದನೇ ಜಾರ್ಜ್ ಅಲ್ಲಿ ಘೋಷಿಸಿದರು. ಕಾಶ್ಮೀರಿ ಗೇಟಿನಿಂದ ಲೆಕ್ಕ ಹಾಕಿದರೆ 54 ವರ್ಷ ತಡ. ಆಗ ಒಂದು ಪ್ರಶ್ನೆ ಎದ್ದಿತು. ಅತಿ ದೊಡ್ಡ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಇದೆ ಅಂದಮೇಲೆ ಚಿನ್ನದ ನಕ್ಷತ್ರ ಯಾಕೆ? 1912ರಲ್ಲಿ ಮೊದಲ ದರ್ಜೆಯನ್ನು ತೆಗೆದರು. ಎರಡನೆಯದು ಮೊದಲನೆಯದಾಯಿತು, ಮೂರನೆಯದು ಎರಡನೆಯದಾಯಿತು. ನನ್ನ ಪ್ರಕಾರ ಈ ಪದಕದ ಕೊನೆ ಶುರುವಾದದ್ದು ಇಲ್ಲೇ. ಬೇರೆ ತಕ್ಕಡಿ ಬೇಕು ಅಂತ ಹುಟ್ಟಿದ್ದು, ತಕ್ಕಡಿ ಒಂದೇ ಆದಮೇಲೆ ಎಷ್ಟು ದಿನ ಉಳಿದೀತು?

ಮೊದಲ ಮಹಾಯುದ್ಧದಲ್ಲಿ ಈ ಬದಲಾವಣೆ ಕಣ್ಣಿಗೆ ಕಂಡಿತು. 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹೊಲೆಬೆಕೆಯಲ್ಲಿ 129ನೇ ಬಲೂಚಿ ಪಡೆಯ ಸಿಪಾಯಿ ಖುದಾದಾದ್ ಖಾನ್ ಮಷಿನ್ ಗನ್ ಬಿಡದೆ ನಿಂತರು. ಜೊತೆಗಿದ್ದವರೆಲ್ಲ ಸತ್ತರು. ಅವರಿಗೆ ಸಿಕ್ಕಿದ್ದು ವಿಕ್ಟೋರಿಯಾ ಕ್ರಾಸ್. ಕೆಳಗಿನ ಮೆಟ್ಟಿಲು ಹತ್ತಿ ಬಾ ಅಂತ ಅವರಿಗೆ ಯಾರೂ ಹೇಳಲಿಲ್ಲ. ಇನ್ನೊಬ್ಬರು ಜಮಾದಾರ್ ಮೀರ್ ದಸ್ತ್. 1908ರಲ್ಲಿ ಮೊಹ್ಮಂದರ ಮೇಲಿನ ಕಾರ್ಯಾಚರಣೆಯಲ್ಲಿ ಆರ್ಡರ್ ಆಫ್ ಮೆರಿಟ್ ಗೆದ್ದವರು. 1915ರ ಏಪ್ರಿಲ್ 26ರಂದು ಈಪ್ರ್ ಬಳಿ, ವಿಷಾನಿಲದ ನಡುವೆ, ಗಾಯಗೊಂಡ ಎಂಟು ಬ್ರಿಟಿಷ್ ಮತ್ತು ಭಾರತೀಯ ಅಧಿಕಾರಿಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲು ನೆರವಾಗಿ ವಿಕ್ಟೋರಿಯಾ ಕ್ರಾಸ್ ಪಡೆದರು. ಹಳೆಯ ತಕ್ಕಡಿ, ಹೊಸ ತಕ್ಕಡಿ ಎರಡೂ ಅವರೊಬ್ಬರ ಎದೆಯ ಮೇಲೇ ಇದ್ದವು.

ನಕ್ಷತ್ರ ಆಗಲೂ ಬೆಲೆ ಕಳೆದುಕೊಂಡಿರಲಿಲ್ಲ. ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದ ಪಡೆಯ ಜೊತೆ ಸೇರಿ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದ ಕಥೆ ಗೊತ್ತಲ್ಲ, ಮಷಿನ್ ಗನ್‌ಗಳ ಎದುರು ಕುದುರೆ ಮೇಲೆ ಈಟಿ ಹಿಡಿದು ನುಗ್ಗಿದ್ದು? ಆ ದಿನಕ್ಕಾಗಿ ಜೋಧಪುರದ ಕ್ಯಾಪ್ಟನ್ ಅಮಾನ್ ಸಿಂಗ್ ಮತ್ತು ದಫೇದಾರ್ ಜೋರ್ ಸಿಂಗ್ ಅವರಿಗೆ ಸಿಕ್ಕಿದ್ದು ಇದೇ ಇಂಡಿಯನ್ ಆರ್ಡರ್ ಆಫ್ ಮೆರಿಟ್.

ಎರಡನೇ ಮಹಾಯುದ್ಧದ ಹೊತ್ತಿಗೆ, 1944ರಲ್ಲಿ, ಉಳಿದ ಎರಡು ದರ್ಜೆಗಳನ್ನೂ ಒಂದು ಮಾಡಿದರು. ಮೆಟ್ಟಿಲು ಪೂರ್ತಿ ಹೋಯಿತು. ಮೂರು ವರ್ಷಕ್ಕೆ ಸ್ವಾತಂತ್ರ್ಯ ಬಂತು. ಬ್ರಿಟಿಷ್ ದೊರೆಯ ಹೆಸರಿನ ಗೌರವಗಳ ಜೊತೆ ಇದೂ ನಿಂತಿತು. ಮೊದಲೇ ಪಡೆದವರು ಧರಿಸಬಹುದಿತ್ತು. ಹೊಸದಾಗಿ ಯಾರಿಗೂ ಕೊಡುವಂತಿರಲಿಲ್ಲ.

ಅದರ ಜಾಗಕ್ಕೆ ಬಂದದ್ದು ನಮಗೆಲ್ಲ ಗೊತ್ತಿರುವ ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. 1950ರ ಜನವರಿ 26ರಂದು ಘೋಷಣೆ ಆಯಿತು. ಆದರೆ 1947ರ ಆಗಸ್ಟ್ 15ರಿಂದಲೇ ಅನ್ವಯ ಅಂದರು, ಕಾಶ್ಮೀರದ ಯುದ್ಧ ಅಷ್ಟರಲ್ಲಿ ಮುಗಿದಿತ್ತಲ್ಲ. ಇಲ್ಲೂ ಮೂರು ಇವೆ. ಹಾಗಾಗಿ ಹಳೆಯ ಮೂರು ದರ್ಜೆಯನ್ನೇ ಹೆಸರು ಬದಲಿಸಿ ಇಟ್ಟರು ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ತಪ್ಪು. ಇವು ಮೂರು ಬೇರೆ ಬೇರೆ ಪದಕಗಳು, ಒಂದೇ ಏಣಿಯ ಮೆಟ್ಟಿಲುಗಳಲ್ಲ. ವೀರ ಚಕ್ರ ಇಲ್ಲದವನಿಗೂ ನೇರವಾಗಿ ಪರಮವೀರ ಚಕ್ರ ಬರಬಹುದು. ಜವಾನನಿಗೂ ಅಧಿಕಾರಿಗೂ ಪದಕ ಒಂದೇ.

ಇದಕ್ಕೆ ಕಾರವಾರ ಬಳಿಯ ಚೆಂಡಿಯಾ ಮೂಲದ ರಾಮ ರಾಘೋಬಾ ರಾಣೆ ಅವರಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಅವರೂ ಸ್ಯಾಪರ್, ಬಾಂಬೆ ಸ್ಯಾಪರ್ಸ್ ಪಡೆಯವರು. ಸಾಮಾನ್ಯ ಸೈನಿಕನಾಗಿ ಸೇರಿ ಹವಿಲ್ದಾರ್ ಆಗಿ, 1947ರ ಡಿಸೆಂಬರಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ನಾಲ್ಕು ತಿಂಗಳು ಕಳೆದಿರಲಿಲ್ಲ. 1948ರ ಏಪ್ರಿಲ್ 8ರಂದು ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ನೆಲಬಾಂಬ್ ತೆಗೆಯುವ ಕೆಲಸ ಅವರ ತಂಡಕ್ಕೆ ಬಂತು. ಶುರುವಿನಲ್ಲೇ ಶೆಲ್ ಬಿದ್ದು ಇಬ್ಬರು ಸತ್ತರು, ರಾಣೆಯವರೂ ಗಾಯಗೊಂಡರು. ಅವರು ಹಿಂದೆ ಹೋಗಲಿಲ್ಲ. ಗುಂಡಿನ ಮಳೆಯಲ್ಲಿ ಟ್ಯಾಂಕಿನ ಅಡಿಗೆ ನುಸುಳಿ, ಅದರ ಜೊತೆ ತೆವಳುತ್ತಾ, ಚಾಲಕನಿಗೆ ಹಗ್ಗ ಎಳೆದು ನಿಲ್ಲು, ಹೊರಡು ಅಂತ ಸನ್ನೆ ಮಾಡುತ್ತಾ ದಾರಿ ಬಿಡಿಸಿದರು. ಏಪ್ರಿಲ್ 11ರ ತನಕ ರಸ್ತೆ ತಡೆಗಳನ್ನು ಒಡೆಯುತ್ತಲೇ ಹೋದರು.

ಘಜ್ನಿಯ ದೇವಿ ಸಿಂಗ್ ಅವರ ಕಾಲದ ನಿಯಮವಾಗಿದ್ದರೆ ರಾಣೆಯವರಿಗೆ ಮೂರನೇ ದರ್ಜೆಯ ಬೆಳ್ಳಿ ನಕ್ಷತ್ರ ಬರುತ್ತಿತ್ತು. ಅವರು ಬದುಕಿ ಬಂದು, ಮೊದಲ ಸಲಕ್ಕೇ, ಪರಮವೀರ ಚಕ್ರ ಪಡೆದರು. ಕಾರವಾರದ ಕಡಲ ದಂಡೆಯಲ್ಲಿ, ಚಾಪಲ್ ಯುದ್ಧನೌಕೆ ಸಂಗ್ರಹಾಲಯದಲ್ಲಿ ಅವರ ಪ್ರತಿಮೆ ಇದೆ.